ಯಂತ್ರಕ್ಕೆ ಹೊದಿಸಿದ ಸೀರೆ

ಸೂಗಮ್ಮನ ಮಾಳಿಗೆಯ ಏಣಿಯನ್ನು ಊರಿನ ಯಾವ ದೊಡ್ಡ ಮನುಷ್ಯನೂ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಆ ದಿನ ಬೂಟುಗಾಲಿನವರು ಒಬ್ಬರ ಹಿಂದೊಬ್ಬರು ಹತ್ತಿದರು. ಹಗ್ಗ ಕಟ್ಟಿ ಒಂದು ಯಂತ್ರವನ್ನು ಮೇಲೆ ಎಳೆದುಕೊಂಡರು. ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಟೋಪಿ ಇಟ್ಟಂಥ ಒಂದು ತಲೆ, ಎದೆಯಲ್ಲಿ ಗಾಜಿನ ಕಿಂಡಿ, ಕಿಂಡಿಯೊಳಗೆ ಕೆಂಪು ಅಂಕಿ. ಗಾಳಿಯಲ್ಲಿರುವ ಧೂಳನ್ನು ಅಳೆಯುವ ಯಂತ್ರವಂತೆ. ಕೇರಿಯ ಮಂದಿಯೆಲ್ಲ ಕೆಳಗೆ ನಿಂತು ಕತ್ತೆತ್ತಿ ನೋಡಿದರು. ಇದೊಂದು ಬಾಯಿ ಬಿಟ್ಟರೆ ತಮ್ಮ ಗೋಳು ಮುಗಿಯಿತು ಎಂದುಕೊಂಡರು.

ಗೋಳು ಸಣ್ಣದಿರಲಿಲ್ಲ. ಚಿತ್ತಾಪುರದಿಂದ ವಾಡಿಗೆ ಹೋಗುವ ರಸ್ತೆಯ ಬದಿಗೆ ಹೊಸ ಸಿಮೆಂಟು ಕಾರ್ಖಾನೆಯ ಕಟ್ಟಡ ಏಳುತ್ತಿತ್ತು. ಕಾಂಕ್ರೀಟು ಕಲಸುವ ಪ್ಲಾಂಟು ಹೂಡಲು ಆ ಬಯಲಿನಲ್ಲಿ ಬೇಕಾದಷ್ಟು ಜಾಗವಿತ್ತು. ಹೂಡಿದ್ದು ಮಾತ್ರ ಕೇರಿಯ ಬೆನ್ನಿಗೆ. ಸರಕಾರಿ ಬೋರ್ಡಿನಲ್ಲಿ ಅದು ಬಡಾವಣೆ, ಊರಿನ ಬಾಯಲ್ಲಿ ಹೊಲಗೇರಿ. ಅಂಚಿಗೆ ಕಲ್ಲು ಒಡೆಯುವ ಕೆಲವು ಮುಸಲ್ಮಾನರ ಮನೆಗಳು. ಸಿಮೆಂಟಿನ ಟ್ಯಾಂಕರ್ ಬಂದು, ಕೊಳವೆ ಹಚ್ಚಿ, ಉಕ್ಕಿನ ಎತ್ತರದ ಡಬ್ಬಿಗೆ ಗಾಳಿಯೊತ್ತಿ ತುಂಬುವಾಗ ಮೇಲಿನಿಂದ ಬೂದಿ ಬಣ್ಣದ ಮೋಡ ಏಳುತ್ತಿತ್ತು. ಎದ್ದದ್ದು ಕೇರಿಯ ಮೇಲೆ ಇಳಿಯುತ್ತಿತ್ತು. ರೊಟ್ಟಿ ಹಲ್ಲಿಗೆ ಕರಕರ ಎನ್ನುತ್ತಿತ್ತು. ಕೊಡದ ನೀರಿನ ಮೇಲೆ ಕೆನೆ ಕಟ್ಟುತ್ತಿತ್ತು. ಮಕ್ಕಳ ಕಣ್ಣು ಬೆಳಿಗ್ಗೆ ಅಂಟಿಕೊಂಡು ತೆರೆಯುತ್ತಿರಲಿಲ್ಲ.

ಸೂಗಮ್ಮ ಅದೇ ಪ್ಲಾಂಟಿನಲ್ಲಿ ಕಸ ಹೊಡೆಯುತ್ತಿದ್ದಳು. ಉದುರಿದ ಸಿಮೆಂಟನ್ನು ಬಗ್ಗಿ ಗುಡಿಸಬೇಕು, ಬುಟ್ಟಿಗೆ ತುಂಬಬೇಕು, ತಲೆಯ ಮೇಲೆ ಹೊತ್ತು ಹಾಕಬೇಕು. ಬೆವರಿಗೆ ಸಿಮೆಂಟು ತಾಗಿ ಕುತ್ತಿಗೆ ಸುಟ್ಟು ಚರ್ಮ ಏಳುತ್ತಿತ್ತು. ದೊಡ್ಡ ಸಾಹೇಬರು ಬರುವ ದಿನ ಹೆಣ್ಣಾಳುಗಳಿಗೆ ಮೂಗಿನ ಮಾಸ್ಕು ಹಂಚುತ್ತಿದ್ದರು. ಫೋಟೊ ಹೊಡೆದಾದ ಮೇಲೆ ವಾಪಸು ಕೇಳುತ್ತಿದ್ದರು. ಒಮ್ಮೆ ಪಕ್ಕದ ಮನೆಯ ಹುಸ್ನಾ ಕೊಡದೆ ಕುಪ್ಪಸದಲ್ಲಿ ಸಿಕ್ಕಿಸಿಕೊಂಡಿದ್ದಳು. ಸುಪರ್‌ವೈಜರ್ ಶರಣಕುಮಾರ ಎಲ್ಲರೆದುರಿಗೆ ಅದನ್ನು ತೆಗೆಸಿದ. ತೆಗೆಸಿ, ಎಂಜಲಾಗಿದೆ ಎಂದು ನೆಲಕ್ಕೆ ಹಾಕಿ ತುಳಿದ.

ಸೂಗಮ್ಮನ ಗಂಡ ಮರೆಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಪ್ರಾಯ ಕಳೆದವನು. ಕಲ್ಲಿನ ಪುಡಿ ಆಗಲೇ ಎದೆಯೊಳಗೆ ಮನೆ ಮಾಡಿತ್ತು. ಈಗ ಅದರ ಮೇಲೆ ಸಿಮೆಂಟು. ಅವನಿಗೆ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು, ಮೊಣಕಾಲಿನ ಮೇಲೆ ಹಣೆ ಇಟ್ಟು ರಾತ್ರಿ ಕಳೆಯುತ್ತಿದ್ದ. ಧೂಳಿನಿಂದ ದೂರ ಇರು ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಎಲ್ಲಿಗೆ ಹೋಗಿ ಇರಬೇಕೆಂದು ಹೇಳಿರಲಿಲ್ಲ.

ಹೆಂಗಸರು ತಮಗೆ ತಿಳಿದ ಒಂದು ಉಪಾಯ ಮಾಡಿಕೊಂಡಿದ್ದರು. ಟ್ಯಾಂಕರಿನ ಸದ್ದು ಕೇಳಿದ ಕೂಡಲೇ ಹಳೆಯ ಸೀರೆಯೊಂದನ್ನು ನೀರಲ್ಲಿ ಅದ್ದಿ ಬಾಗಿಲಿಗೆ ಇಳಿಬಿಡುವುದು. ಎಳೆ ಕೂಸು ಇದ್ದ ಮನೆ, ದಮ್ಮಿನವರು ಇದ್ದ ಮನೆ, ಬಾಣಂತಿ ಇದ್ದ ಮನೆ, ಎಲ್ಲ ಕಡೆಗೂ ಒದ್ದೆ ಸೀರೆ. ಕುಡಿಯಲು ಸಾಲದ ನೀರಿನಲ್ಲಿ ಸೀರೆಗೊಂದು ತಂಬಿಗೆ ತೆಗೆದಿಡುತ್ತಿದ್ದರು. ಮರೆಪ್ಪ ಕೂರುವ ಒಳಕೋಣೆಗೂ ಅಂಥದೊಂದು ಸೀರೆಯಿತ್ತು. ಅದರ ಹಿಂದೆ ಕೂತರೆ ಅವನಿಗೆ ಒಂದಿಷ್ಟು ಉಸಿರು ಹಗುರಾಗುತ್ತಿತ್ತು.

ಕೊನೆಗೆ ಕೇರಿ ರಸ್ತೆಗೆ ಇಳಿಯಿತು. ಲಾರಿಗಳ ಮುಂದೆ ಕೂತಿತು. ಪೊಲೀಸರು ಬಂದರು, ಬೈದರು, ಎಬ್ಬಿಸಿದರು, ಮಂದಿ ಮತ್ತೆ ಕೂತರು. ಆಮೇಲೆ ಒಬ್ಬ ಅಧಿಕಾರಿ ಬಂದ. ಗಾಳಿಯ ಇಲಾಖೆಯವನಾದ್ದರಿಂದ ಕೇರಿ ಅವನಿಗೆ ಗಾಳಿ ಸಾಹೇಬ ಎಂದು ಹೆಸರಿಟ್ಟಿತು. ಅವನು ಕಾರಿನ ಬಾಗಿಲು ಹಿಡಿದು ನಿಂತೇ ತೀರ್ಪು ಹೇಳಿದ. ಯಂತ್ರ ಇಡಿಸುತ್ತೇನೆ. ಧೂಳು ಮಿತಿ ಮೀರಿದ್ದರೆ ಪ್ಲಾಂಟನ್ನು ಬಯಲಿನ ಆಚೆ ತುದಿಗೆ ಎತ್ತಿಸುತ್ತೇನೆ. ಮೀರಿಲ್ಲವೋ, ಮತ್ತೆ ಈ ಮಾತು ಎತ್ತಕೂಡದು. ಕೇರಿ ಒಪ್ಪಿತು. ಧೂಳು ಕಣ್ಣಿಗೇ ಹೊಡೆಯುತ್ತಿರುವಾಗ ಯಂತ್ರಕ್ಕೆ ಕಾಣದೆ ಇರುತ್ತದೆಯೇ?

ಸೂಗಮ್ಮನ ಮನೆ ಪ್ಲಾಂಟಿಗೆ ಎಲ್ಲಕ್ಕಿಂತ ಹತ್ತಿರ. ಮಾಳಿಗೆ ಗಟ್ಟಿ. ಹಾಗಾಗಿ ಯಂತ್ರ ಅವಳಲ್ಲಿಗೆ ಬಂತು.

ಅದನ್ನು ಕೂರಿಸಿದವನು ಶಾಹನವಾಜ, ಕಲಬುರಗಿಯ ಯಾವುದೋ ಏಜೆನ್ಸಿಯವನು. ಆ ಏಜೆನ್ಸಿಗೆ ಹಣ ಕೊಡುತ್ತಿದ್ದವನು ಈ ಪ್ಲಾಂಟು ಹೂಡಿದ ಕಟ್ಟಡದ ಗುತ್ತಿಗೆದಾರನೇ. ಯಂತ್ರ ಹೇಗೆ ಕೆಲಸ ಮಾಡುತ್ತದೆ, ಎಲ್ಲಿಂದ ಗಾಳಿ ಎಳೆಯುತ್ತದೆ, ಒಳಗಿನ ಬಿಳಿ ಕಾಗದದ ಮೇಲೆ ಧೂಳು ಹೇಗೆ ಕೂರುತ್ತದೆ, ಎಲ್ಲವನ್ನೂ ಶಾಹನವಾಜ ಶರಣಕುಮಾರನಿಗೆ ಬಿಡಿಸಿ ಹೇಳಿದ. ಯಾರ ಎದೆಯ ತನಿಖೆ ನಡೆಯಬೇಕಿತ್ತೋ ಅವರಿಗೆ ಹೇಳಿದ್ದು ಒಂದೇ ಮಾತು, ಕೈ ಹಚ್ಚಬೇಡಿ ಅಂತ. ಶರಣಕುಮಾರ ತನ್ನದೂ ಒಂದು ಸೇರಿಸಿದ.

"ಏ ಸೂಗಮ್ಮ, ಇದರ ಕಿಮ್ಮತ್ತಿನ್ಯಾಗ ನಿಮ್ಮ ಕೇರಿನೇ ಬರ್ತದ. ಈ ವಾರ ಕೆಲಸಕ್ಕ ಬರಬ್ಯಾಡ. ಕೂಲಿ ಕೊಡ್ತೀನಿ. ಇದನ್ನ ಕಾಯಿ."

ಅವಳು ಕಾಯ್ದಳು. ಮನೆಗೆ ಬಂದ ಬೀಗರನ್ನು ಯಾರೂ ಅಷ್ಟು ಚೆನ್ನಾಗಿ ನೋಡಿಕೊಂಡಿರಲಿಕ್ಕಿಲ್ಲ. ಬೆಳಿಗ್ಗೆ ಎದ್ದು ಮಾಳಿಗೆ ಗುಡಿಸಿದಳು. ಯಂತ್ರದ ಸುತ್ತ ನೀರು ಚಿಮುಕಿಸಿದಳು. ಮೊದಲ ಟ್ಯಾಂಕರ್ ಬಂದು ಮೋಡ ಎದ್ದಿತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನೋಡುತ್ತಾಳೆ, ಯಂತ್ರದ ತಲೆಯ ಮೇಲೆ ಬೂದಿ ಇಳಿಯುತ್ತಿದೆ. ತಮ್ಮ ಪರವಾಗಿ ಮಾತಾಡಲು ಬಂದದ್ದು ಇದೊಂದೇ. ಇದೂ ಧೂಳು ತಿಂದು ಕೆಟ್ಟು ನಿಂತರೆ ಗತಿಯೇನು?

ಕೆಳಗಿಳಿದು ಒಳಕೋಣೆಯ ಬಾಗಿಲಿನ ಸೀರೆಯನ್ನು ಕಿತ್ತಳು. ಅದ್ದಿ, ಹಿಂಡಿ, ಮೇಲೆ ಒಯ್ದು ಯಂತ್ರಕ್ಕೆ ಹೊದಿಸಿದಳು. ಪೂರಾ ಮುಚ್ಚಲಿಲ್ಲ. ಅದು ಗಾಜಿನ ಕಿಂಡಿಯಿಂದ ಪ್ಲಾಂಟನ್ನು ನೋಡುತ್ತದೆ, ನೋಡಿ ಅಂಕಿ ಬರೆಯುತ್ತದೆ ಎಂದು ಅವಳು ತಿಳಿದಿದ್ದಳು. ಆದ್ದರಿಂದ ಕಿಂಡಿಯನ್ನು ತೆರೆದಿಟ್ಟು, ಹಿರಿಯರೆದುರು ಸೊಸೆಯಂದಿರು ಹೊದ್ದುಕೊಳ್ಳುವಂತೆ ತಲೆಗೆ ಮಾತ್ರ ಹೊದಿಸಿ ಸುತ್ತ ಬಿಗಿದಳು. ಅದು ಉಸಿರಾಡುವುದೇ ತಲೆಯಿಂದ ಎಂದು ಅವಳಿಗೆ ಯಾರು ಹೇಳಿದ್ದರು?

ಒಳಗೆ ಮರೆಪ್ಪ ಬರಿದಾದ ಬಾಗಿಲಿನ ಮುಂದೆ ಕೂತು ಕೆಮ್ಮಿದ. ಕೆಮ್ಮು ನಿಂತ ಮೇಲೆ ನಕ್ಕ.

"ಸೂಗೀ, ನನಗಿಂತ ಆ ಡಬ್ಬಿ ಮ್ಯಾಲೇ ನಿನಗ ಜೀವ ಭಾಳ ಆತು."

"ಒಂದು ವಾರ ತಡಕೋ. ಅದು ಉಳಿದ್ರ ನೀ ಉಳೀತಿ," ಎಂದಳು ಸೂಗಮ್ಮ.

ಅವನು ತಡೆದುಕೊಂಡ. ಟ್ಯಾಂಕರ್ ಬಂದಾಗಲೆಲ್ಲ ಅವಳು ಏಣಿ ಹತ್ತಿ ಸೀರೆಗೆ ನೀರು ಹಾಕಿದಳು. ಒಗೆಯುವಷ್ಟು ನೀರು ಎಲ್ಲಿಂದ ಬರಬೇಕು? ಧೂಳಿನ ಮೇಲೆ ನೀರು, ನೀರಿನ ಮೇಲೆ ಧೂಳು. ಸಂಜೆ ಶಾಹನವಾಜ ಒಳಗಿನ ಕಾಗದ ಬದಲಿಸಲು ಬರುವ ಹೊತ್ತಿಗೆ ಸೀರೆಯನ್ನು ತೆಗೆದು ಮರೆಗೆ ಇಡುತ್ತಿದ್ದಳು. ಪರರ ಕಣ್ಣಿಗೆ ಹರಕು ಸೀರೆ ಬೀಳುವುದು ಅವಳಿಗೆ ನಾಚಿಕೆ. ಅವನು ಹೋದ ಮೇಲೆ ಮತ್ತೆ ಹೊದಿಸುತ್ತಿದ್ದಳು. ಇದೆಲ್ಲವೂ ಶರಣಕುಮಾರನಿಗೆ ಪ್ಲಾಂಟಿನ ಮೆಟ್ಟಿಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಒಂದು ದಿನ ಅವನು ಅವಳನ್ನೇ ನೋಡಿ ನಕ್ಕ. ತನ್ನ ಕಾಳಜಿ ನೋಡಿ ಮೆಚ್ಚಿದ ಎಂದು ಸೂಗಮ್ಮ ತಿಳಿದಳು. ಅಂಥವನ ನಗೆಗೂ ಒಂದು ಒಳ್ಳೆಯ ಅರ್ಥ ಹಚ್ಚುವಷ್ಟು ಮೆತ್ತಗಿನ ಮನಸ್ಸು ಅವಳದು. ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ವಾರ ಕಳೆಯಿತು. ಯಂತ್ರ ಇಳಿಯಿತು. ಸೂಗಮ್ಮ ಸೀರೆಯನ್ನು ಮಡಚಲು ಹೋದರೆ ಅದು ಮಡಚಿಕೊಳ್ಳಲಿಲ್ಲ. ಧೂಳು ನೀರುಂಡು ಬಿಸಿಲಿಗೆ ಬಿಗಿದುಕೊಂಡಿತ್ತು. ಯಂತ್ರದ ತಲೆಯ ಉಬ್ಬು ಹಾಗೆಯೇ ಉಳಿದಿತ್ತು. ಇನ್ನು ಇದು ಉಡಲಿಕ್ಕೂ ಅಲ್ಲ, ಬಾಗಿಲಿಗೂ ಅಲ್ಲ ಎಂದುಕೊಂಡು ಅವಳು ಅದನ್ನು ಹಿತ್ತಲಿಗೆ ಒಯ್ದು ಕೋಳಿಗೂಡಿನ ಮೇಲೆ ತಗಡಿನಂತೆ ಒರಗಿಸಿದಳು. ಕೋಳಿಗಳಿಗೆ ಒಳ್ಳೆಯ ನೆರಳಾಯಿತು.

ಗಾಳಿ ಸಾಹೇಬ ಬಂದು ಶಾಲೆಯ ಪಡಸಾಲೆಯಲ್ಲಿ ಕೂತು ಫಲ ಹೇಳಿದ. ಧೂಳು ಮಿತಿಯೊಳಗೇ ಇದೆ. ಮಿತಿಗಿಂತ ಭಾಳ ಕೆಳಗೆ. ಇಷ್ಟು ಶುದ್ಧ ಗಾಳಿ ತನ್ನ ಮನೆಯ ಕಡೆಗೂ ಇಲ್ಲ ಎಂದು ನಕ್ಕ. ಪಕ್ಕದಲ್ಲಿ ನಿಂತ ಶಾಹನವಾಜ ಬಿಳಿ ಕಾಗದಗಳನ್ನು ಎತ್ತಿ ತೋರಿಸಿದ. ಬಿಳಿಯವೇ.

ಕೇರಿಗೆ ತಲೆ ತಿರುಗಿತು. ಯಂತ್ರ ಸುಳ್ಳು ಹೇಳಿತು ಎಂದರು ಕೆಲವರು. ತಿನ್ನಿಸಿದ್ದಾರೆ ಎಂದರು ಕೆಲವರು. ಹುಸ್ನಾ ತನ್ನ ಮಗುವಿನ ಅಂಟಿದ ಕಣ್ಣನ್ನು ಸಾಹೇಬನ ಮುಖದ ಹತ್ತಿರ ಹಿಡಿದು, ಇದನ್ನು ಯಾವ ಗಾಳಿ ಮಾಡಿತು ಎಂದು ಕೇಳಿದಳು. ಅವನು ಕುರ್ಚಿಯನ್ನು ಹಿಂದೆ ಸರಿಸಿದ. ಗಲಾಟೆ ನಿಲ್ಲಲಿಲ್ಲ. ನಾಳೆಯೇ ಇನ್ನೊಂದು ಸಲ ಯಂತ್ರ ಇಡಿಸುತ್ತೇನೆ, ಒಂದೇ ದಿನ, ಅದೇ ಕಡೆಯದು ಎಂದು ಹೇಳಿ ಅವನು ಎದ್ದ.

ಸಂಜೆ ಶರಣಕುಮಾರ ಸೂಗಮ್ಮನ ಮನೆಗೆ ಬಂದ. ಹೊಸ್ತಿಲ ಹೊರಗೇ ನಿಂತ. ಕೈಯಲ್ಲಿ ಅಂಗಡಿಯ ಚೀಲ. ಅದರಿಂದ ಹೊಸ ಸೀರೆ ತೆಗೆದ. ಹಸಿರು ಬಣ್ಣ, ಕೆಂಪು ಅಂಚು, ಮಡಿಕೆ ಬಿಚ್ಚಿರಲಿಲ್ಲ.

"ನಾಳೆ ಇದನ್ನ ಹೊದಸು. ಹ್ವಾದ ಸಲ ಹೊದಿಸಿದ್ಯಲ್ಲ, ಹಂಗ. ತಲೀಗಿ, ಬಿಗಿಯಾಗಿ. ಆಮ್ಯಾಲ ನೀನೇ ಉಟಗೋ. ಇನ್ನ ಕಸ ಹೊಡ್ಯಾದು ಬ್ಯಾಡ, ಆಫೀಸಿನ್ಯಾಗ ಚಾ ಮಾಡಕೋತ ಕುಂದ್ರು."

ಸೂಗಮ್ಮ ಸೀರೆಯನ್ನು ನೋಡಿದಳು. ಅವನ ಮುಖ ನೋಡಿದಳು. ಮೆಟ್ಟಿಲ ಮೇಲಿನ ಆ ನಗೆ ನೆನಪಾಯಿತು. ಒಂದು ವಾರ ತಾನು ಕಾಪಾಡಿದ್ದು ಯಾರನ್ನು? ಗಂಡನ ಬಾಗಿಲಿನ ಸೀರೆ ಕಿತ್ತು ಯಂತ್ರದ ಮೂಗು ಕಟ್ಟಿದ್ದಳು. ಕೇರಿಯ ಬಾಯಿಗೆ ತನ್ನ ಕೈಯಿಂದಲೇ ಅರಿವೆ ತುರುಕಿದ್ದಳು. ಒಳಗೆ ಮರೆಪ್ಪನ ಎದೆ ಹರಕು ತಿದಿಯಂತೆ ಎಳೆಯುತ್ತಿತ್ತು.

"ಒಲ್ಲೆರಿ," ಎಂದಳು.

ಸೀರೆ ಒಲ್ಲೆಯಾ ಎಂದು ಅವನು ಕೇಳಿದ. ಹೊದಿಸುವುದನ್ನು ಒಲ್ಲೆ ಎಂದಳು. ಅವನು ದನಿ ಇಳಿಸಿದ. ಹೋದ ಸಲ ಹೊದಿಸಿದವಳು ನೀನೇ ಎಂದು ಕೇರಿಗೆ ಗೊತ್ತಾದರೆ ನಿನ್ನನ್ನು ಬಾವಿಗೆ ನೂಕುತ್ತಾರೆ, ನೆನಪಿಟ್ಟುಕೋ ಎಂದ. ಸೀರೆಯನ್ನು ಹೊಸ್ತಿಲ ಮೇಲೆ ಎಸೆದು ಹೋದ. ಸೂಗಮ್ಮ ಅದನ್ನು ಕಾಲಿನಿಂದ ಹೊರಗೆ ತಳ್ಳಿದಳು.

ಅವನು ಹೇಳುವ ಮೊದಲು ತಾನೇ ಹೇಳಬೇಕಿತ್ತು. ಹುಸ್ನಾಳ ಮನೆಗೆ ಹೋಗಿ ಎಲ್ಲ ಹೇಳಿದಳು. ಹುಸ್ನಾ ಮಗುವನ್ನು ಈ ತೊಡೆಯಿಂದ ಆ ತೊಡೆಗೆ ಹಾಕಿಕೊಂಡಳು. ಸೂಗಮ್ಮ ಅವಳ ಬೈಗುಳಕ್ಕೆ ಕಾದು ಕೂತಳು.

"ನನ್ನ ಮನಿ ಮ್ಯಾಲ ಇಟ್ಟಿದ್ರ ನಾನೂ ಹೊದಸ್ತಿದ್ದೆ ಅಕ್ಕಾ," ಎಂದಳು ಹುಸ್ನಾ ಕಡೆಗೆ. "ನಾಳಿ ಏನ್ ಮಾಡ್ತಿ ಅದನ್ನ ಹೇಳು."

ಮರುದಿನ ಶಾಹನವಾಜ ಯಂತ್ರ ಕೂರಿಸಿ ಇಳಿದ ಮೇಲೆ ಸೂಗಮ್ಮ ಮಾಳಿಗೆ ಹತ್ತಿದಳು. ಹತ್ತಿ ಏಣಿಯನ್ನು ಮೇಲೆ ಎಳೆದುಕೊಂಡಳು. ಯಂತ್ರದ ಪಕ್ಕಕ್ಕೆ ಬರಿದಲೆಯಲ್ಲಿ ಕೂತಳು. ಶರಣಕುಮಾರ ಗೋಣಿಚೀಲ, ನೀರಿನ ಡ್ರಮ್ಮು, ಇಬ್ಬರು ಆಳುಗಳೊಂದಿಗೆ ಬಂದ. ಏಣಿ ಬಿಡು ಎಂದ. ಬಿಡಲಿಲ್ಲ. ಕೆಲಸ ಹೋಯಿತು ಎಂದ. ಹೋಗಲಿ ಎಂದಳು. ಅವಳ ಜಾತಿ ಹಿಡಿದು ಬೈದ, ತಾಯಿ ಹಿಡಿದು ಬೈದ. ಕೆಳಗೆ ಹುಸ್ನಾ ಮತ್ತು ಕೇರಿಯ ಹೆಂಗಸರು ಬಂದು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತರು. ಯಾರೂ ತಿರುಗಿ ಬೈಯಲಿಲ್ಲ. ಅಲುಗಾಡಲೂ ಇಲ್ಲ.

ದೂರದಲ್ಲಿ ಟ್ಯಾಂಕರಿನ ಸದ್ದು ಕೇಳಿತು. ಜೀವಮಾನದಲ್ಲಿ ಮೊದಲ ಬಾರಿಗೆ ಸೂಗಮ್ಮ ಆ ಸದ್ದಿಗೆ ಕಾದಳು. ಬಾ, ಬಂದು ಉಗುಳು, ಇವತ್ತು ನಿನ್ನನ್ನು ನೋಡುವವರಿದ್ದಾರೆ ಎಂದುಕೊಂಡಳು. ಶರಣಕುಮಾರ ಅವಳನ್ನೊಮ್ಮೆ ನೋಡಿದ. ಟ್ಯಾಂಕರನ್ನು ನೋಡಿದ. ಜೇಬಿನಿಂದ ಫೋನು ತೆಗೆದು ಎರಡು ಮಾತಾಡಿದ. ಟ್ಯಾಂಕರ್ ರಸ್ತೆಯಲ್ಲೇ ನಿಂತಿತು. ಪ್ಲಾಂಟಿನ ಗರಗರ ನಿಧಾನವಾಯಿತು, ತೇಕಿತು, ನಿಂತಿತು.

ಆ ಇಡೀ ದಿನ ಪ್ಲಾಂಟು ಬಂದ್.

ಎಷ್ಟೋ ತಿಂಗಳ ಮೇಲೆ ಕೇರಿಯ ಮೇಲೆ ಆಕಾಶ ನೀಲಿಯಾಗಿ ಕಂಡಿತು. ಮಕ್ಕಳು ಅಂಗಳಕ್ಕೆ ಬಂದು ಆಡಿದವು. ಯಾರೋ ಹಪ್ಪಳ ಒಣಗಿಸಲು ಹಾಕಿದರು. ಮಧ್ಯಾಹ್ನ ಕೆಳಗಿನಿಂದ ಹುಸ್ನಾ ಕೂಗಿ, ಮರೆಪ್ಪಣ್ಣ ಕಾಲು ಚಾಚಿ ಮಲಗ್ಯಾನ, ನಿದ್ದಿ ಹತ್ಯಾದ ಎಂದಳು. ಗಂಡ ಮಲಗಿದ್ದಾನೆ. ಈ ಸುದ್ದಿಗಾಗಿ ಸೂಗಮ್ಮ ಎಷ್ಟು ದೇವರಿಗೆ ಕೈ ಮುಗಿದಿದ್ದಳು. ಈಗ ಅವಳು ಮಾಳಿಗೆಯ ಮೇಲೆ ಯಂತ್ರದ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದಲ್ಲಿ ಯಂತ್ರ ಗುಂಯ್ ಎನ್ನುತ್ತ ಆ ಒಳ್ಳೆಯ ಗಾಳಿಯನ್ನು ಒಂದೇ ಸಮ ಕುಡಿಯುತ್ತಿತ್ತು.

ಕಾಗದ ಮತ್ತೆ ಬಿಳಿಯೇ ಬಂತು. ಯಂತ್ರ ಇಳಿಸಿದ ರಾತ್ರಿಯೇ ಪ್ಲಾಂಟು ಶುರುವಾಯಿತು. ನಿಂತ ಕೆಲಸವನ್ನೂ ಸೇರಿಸಿ ತಿರುಗಿಸಿದರು. ಮರೆಪ್ಪ ಎದ್ದು ಕೂತ. ಬೆಳಗಾಗುವ ಹೊತ್ತಿಗೆ ಅವನ ಉಗುಳಿನಲ್ಲಿ ರಕ್ತವಿತ್ತು.

ಗಾಳಿ ಸಾಹೇಬ ಕಡೆಯ ಮಾತು ಹೇಳಲು ಶಾಲೆಯ ಪಡಸಾಲೆಗೆ ಬಂದ. ಮೇಜು, ಮೇಜಿನ ಮೇಲೆ ನೀರಿನ ಬಾಟಲಿ. ಪಕ್ಕದಲ್ಲಿ ಶರಣಕುಮಾರ ಇಸ್ತ್ರಿಯ ಅಂಗಿ ಹಾಕಿಕೊಂಡು ಕೂತಿದ್ದ. ಎರಡು ಸಲ ಅಳೆದಾಯಿತು, ಯಂತ್ರಕ್ಕೆ ಮೇಲು ಕೀಳು ಗೊತ್ತಿಲ್ಲ, ಇನ್ನು ಮುಂದೆ ರಸ್ತೆಗೆ ಕೂತರೆ ಕೇಸು ಹಾಕಬೇಕಾಗುತ್ತದೆ ಎಂದು ಸಾಹೇಬ ಹೇಳುತ್ತಿದ್ದ. ಮಂದಿ ಹಿಂದಿನಿಂದ ದಾರಿ ಬಿಟ್ಟರು. ಸೂಗಮ್ಮ ಬರುತ್ತಿದ್ದಳು. ತಲೆಯ ಮೇಲೆ ಫರಸಿ ಕಲ್ಲು ಹೊತ್ತವಳಂತೆ ಏನನ್ನೋ ಹೊತ್ತಿದ್ದಳು. ಅದಕ್ಕೆ ಕೋಳಿಯ ಪುಕ್ಕ ಅಂಟಿತ್ತು. ಹಿಂದೆ ಹುಸ್ನಾಳ ಹೆಗಲು ಹಿಡಿದು ಮರೆಪ್ಪ ಬರುತ್ತಿದ್ದ, ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತ.

ಅವಳು ಹೊತ್ತದ್ದನ್ನು ಮೇಜಿನ ಮೇಲೆ ಇಳಿಸಿದಳು. ಸೀರೆ. ಕೈಬಿಟ್ಟಳು. ಅದು ಬೀಳಲಿಲ್ಲ. ನಡುವೆ ಯಂತ್ರದ ತಲೆಯ ಉಬ್ಬು ಹೊತ್ತು ಗುಡಾರದಂತೆ ನಿಂತಿತು.

ಏನಿದು ಎಂದು ಸಾಹೇಬ ಶರಣಕುಮಾರನನ್ನು ಕೇಳಿದ. ಅವನು, ಇವಳೊಬ್ಬ ಹುಚ್ಚಿ ಎಂದ. ಸೂಗಮ್ಮ ಸಾಹೇಬನಿಗೆ ಬೆನ್ನು ಹಾಕಿ ಮೊದಲು ಕೇರಿಯ ಕಡೆ ತಿರುಗಿದಳು. ಮೊದಲಿನ ಸಲ ಯಂತ್ರದ ತಲೆ ಮುಚ್ಚಿದಾಕಿ ನಾನೇ ಎಂದಳು. ತಿಳಿಯದೆ ಮುಚ್ಚಿದೆ, ಈತ ತಿಳಿದೂ ನೋಡುತ್ತ ನಿಂತ, ಎರಡನೇ ಸಲ ತಾನೇ ಸೀರೆ ತಂದ, ಒಲ್ಲೆ ಅಂದದ್ದಕ್ಕೆ ಪ್ಲಾಂಟು ನಿಲ್ಲಿಸಿದ ಎಂದಳು. ಕೇರಿಯಲ್ಲಿ ಗುಸುಗುಸು ಎದ್ದಿತು. ಕಲ್ಲು ಬೀಳುತ್ತದೆಂದು ಅವಳು ಕಾದಳು. ಬೀಳಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಶಾಹನವಾಜ ತಲೆ ತಗ್ಗಿಸಿದ.

ಸಾಹೇಬ ಗಂಟಲು ಸರಿಮಾಡಿಕೊಂಡ. ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಇಲಾಖೆ ಯಂತ್ರವನ್ನು ಮಾತ್ರ ನಂಬುತ್ತದೆ, ಇದು ಒಂದು ಸೀರೆ, ಇದನ್ನು ನಾನು ಏನೆಂದು ಬರೆದುಕೊಳ್ಳಲಿ ಎಂದ.

"ಹೌದ್ರಿ, ಸೀರಿ," ಎಂದಳು ಸೂಗಮ್ಮ. "ಹಂಗಾರ ಮಡಚ್ರಿ."

ಅವನು ಶರಣಕುಮಾರನ ಕಡೆ ನೋಡಿದ.

"ಸೀರಿ ಅಂದ್ರ ಮಡಚಬೇಕು. ಮಡಚಿ ತೋರಸ್ರಿ."

ಮಂದಿಯೆಲ್ಲ ಮೇಜಿನ ಹತ್ತಿರಕ್ಕೆ ಬಂದಿದ್ದರು. ಕುರ್ಚಿ ಹಿಂದೆ ಸರಿಸಲು ಜಾಗವಿರಲಿಲ್ಲ. ಸಾಹೇಬ ಎರಡು ಕೈಯಿಂದ ಸೀರೆಯ ತುದಿ ಹಿಡಿದ. ಅಸಡ್ಡೆಯಿಂದಲೇ ಒತ್ತಿದ. ಬಗ್ಗಲಿಲ್ಲ. ಎದ್ದು ನಿಂತು ಜೋರಾಗಿ ಒತ್ತಿದ. ಲಟಕ್ಕನೆ ಮುರಿಯಿತು. ಮುರಿದಲ್ಲಿಂದ ಬೂದಿ ಬಣ್ಣದ ಧೂಳು ಒಮ್ಮೆಗೇ ಎದ್ದು ಅವನ ಮುಖಕ್ಕೆ, ಶರಣಕುಮಾರನ ಇಸ್ತ್ರಿಯ ಅಂಗಿಗೆ, ನೀರಿನ ಬಾಟಲಿಗೆ ಕೂತಿತು. ಸಾಹೇಬ ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ತಡಬಡಿಸಿ ಜೇಬಿನಿಂದ ಕರವಸ್ತ್ರ ಎಳೆದು ಮೂಗಿಗೆ ಒಯ್ದ.

ಸೂಗಮ್ಮ ಅವನ ಮುಂಗೈ ಹಿಡಿದಳು. ಹೊಲಗೇರಿಯ ಹೆಣ್ಣು ಸಾಹೇಬನ ಕೈ ಹಿಡಿದಳು. ಸಿಮೆಂಟು ತಿಂದ ಅವಳ ಬೆರಳು ಅಲುಗಲಿಲ್ಲ.

"ಮೂಗ ಮುಚ್ಕೋಬ್ಯಾಡ್ರಿ ಸಾಹೇಬ್ರ," ಎಂದಳು. "ಯಂತ್ರಂತೂ ಒಳಗ ತೊಗೊಳಿಲ್ಲ. ನೀವರ ತೊಗೊಳ್ರಿ."

ಹಿಂದೆ ಮರೆಪ್ಪ ಕೆಮ್ಮಲು ಶುರುಮಾಡಿದ. ಮೇಜಿನ ಆಚೆಗೆ ಸಾಹೇಬನೂ ಕೆಮ್ಮುತ್ತಿದ್ದ. ಅವಳು ಕೈ ಬಿಡಲಿಲ್ಲ.